ದೋಣಿಯ ಮೇಲೆ ಹೆಸರು: ಲೆಕ್ಕ ಒತ್ತಕ್ಷರದಿಂದ ಶುರುವಾಗಲಿ

ಭೀಮೆ, ಕೃಷ್ಣೆಯ ದಂಡೆಯಲ್ಲಿ ದೋಣಿಗೆ ಹೆಸರು ಬರೆಸಲು ಬರುವವರು ಮೊದಲು ತೆಗೆಯುವುದು ಬಣ್ಣದ ಮಾತು. ಹಳದಿ ಹಾಕಬೇಕೋ ಬಿಳಿಯೋ, ಸುತ್ತ ಕೆಂಪು ಗೆರೆ ಬೇಕೋ ಬೇಡವೋ ಅಂತ. ಬರೆಯುವವನ ತಲೆಯಲ್ಲಿ ಅಷ್ಟೊತ್ತಿಗೆ ಬೇರೆ ಲೆಕ್ಕ ಓಡುತ್ತಿರಬೇಕು: ಹೆಸರಿನಲ್ಲಿ ಒತ್ತಕ್ಷರ ಎಷ್ಟಿವೆ, ಯಾವ ಅಕ್ಷರದ ಕೆಳಗಿವೆ, ಎಷ್ಟು ಇಳಿಯುತ್ತವೆ. ಕನ್ನಡದ ಅಕ್ಷರ ಕೆಳಕ್ಕೆ ಬೆಳೆಯುವಂಥದ್ದು, ದೋಣಿಯ ಪಕ್ಕೆಯಲ್ಲಿ ಕೆಳಗಿರುವುದು ನೀರು. ಎರಡರ ನಡುವೆ ಜಾಗ ಹೊಂದಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಬ್ರಶ್ ಹಿಡಿಯುವುದು ಉಳಿದರ್ಧ, ಅದೂ ಸುಲಭದ ಅರ್ಧ.

ಯಾದಗಿರಿ ಜಿಲ್ಲೆಗೆ ಎರಡೂ ಹೊಳೆಗಳ ದಂಡೆ ಸಿಕ್ಕಿದೆ. ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ, ಚಿತ್ತಾಪುರದ ಕಡೆಯಿಂದ ಹರಿದು ಬರುವ ಭೀಮೆ ಮುಂದೆ ಕೃಷ್ಣೆಯನ್ನು ಕೂಡುತ್ತದೆ. ಬೀದರಿನವರಿಗೆ ಮಾಂಜ್ರಾ ಇದೆ, ಕಾರಂಜಾ ಜಲಾಶಯ ಇದೆ. ಸೇತುವೆಗಳು ಬಂದ ಮೇಲೆ ಮಂದಿ ದಾಟಿಸುವ ದೋಣಿಗಳು ಕಡಿಮೆಯಾದವು, ಮೀನು ಹಿಡಿಯುವ ದೋಣಿಗಳು ಉಳಿದಿವೆ. ಅವುಗಳ ಮೇಲೆ ಗಂಗಾಪರಮೇಶ್ವರಿ, ಅಂಬಿಗರ ಚೌಡಯ್ಯ, ಮೌನೇಶ್ವರ, ಭೀಮಾಶಂಕರ, ಇಲ್ಲವೇ ಮನೆಯ ಮಗಳ ಹೆಸರು. ಈ ಬರಹ ತಮ್ಮ ದೋಣಿಗೆ ತಾವೇ ಬರೆಯಬೇಕೆನ್ನುವವರಿಗೆ, ಮತ್ತು ಗೋಡೆ, ಟ್ರ್ಯಾಕ್ಟರ್ ಟ್ರಾಲಿ ಬರೆದು ಕೈ ಪಳಗಿದ ಹುಡುಗರಿಗೆ. ಟ್ರಾಲಿ ಬರೆಯಬಲ್ಲವನು ದೋಣಿಯನ್ನೂ ಬರೆದಾನು, ಆದರೆ ಟ್ರಾಲಿಯ ತಗಡು ಸಪಾಟು ಇರುತ್ತದೆ, ದೋಣಿಯದು ಬಾಗಿರುತ್ತದೆ.

ಮೊದಲು ಹೆಸರು ಕತ್ತರಿಸಿ

ದೋಣಿಯ ಯಜಮಾನರು ಚೀಟಿಯಲ್ಲಿ ಬರೆದುಕೊಂಡು ಬರುವುದು ಉದ್ದವಾಗಿರುತ್ತದೆ. 'ಶ್ರೀ ಶ್ರೀ ಶ್ರೀ', 'ಪ್ರಸನ್ನ', ಕೆಳಗೆ ಅಪ್ಪನ ಹೆಸರು, ಮಕ್ಕಳ ಹೆಸರು, ಊರು, ಮೊಬೈಲ್ ನಂಬರು. ಎಲ್ಲವನ್ನೂ ಪಕ್ಕೆಯ ಮೇಲೆ ತುಂಬಿದರೆ ದಂಡೆಯ ಮೇಲೆ ನಿಂತವರಿಗೆ ಒಂದೂ ಓದಲು ಬರುವುದಿಲ್ಲ. ಭೀಮೆಯ ದಂಡೆಯಲ್ಲೇ, ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪವೊಂದು ಸಿಕ್ಕಿದೆ. ಅದರ ಮೇಲೆ ಬ್ರಾಹ್ಮಿಯಲ್ಲಿ ಇರುವುದು 'ರಾಯೊ ಅಸೋಕೊ' ಎಂಬ ಎರಡೇ ಪದ. ಅಷ್ಟರಿಂದಲೇ ಆ ರಾಜ ಯಾರೆಂಬುದು ಖಚಿತವಾಯಿತು. ಚಕ್ರವರ್ತಿಗೇ ಎರಡು ಪದ ಸಾಕಾದರೆ ಮೀನಿನ ದೋಣಿಗೆ ಮೂರು ಬೇಕಿಲ್ಲ. ಒಂದು ಶ್ರೀ, ಒಂದು ಹೆಸರು, ಅಲ್ಲಿಗೆ ನಿಲ್ಲಿಸಿ. ಮಕ್ಕಳ ಹೆಸರು ದೋಣಿಯ ಒಳಗೆ, ಕೂರುವ ಹಲಗೆಯ ಹಿಂಭಾಗಕ್ಕೆ ಬರೆದುಕೊಟ್ಟರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಇಂಜಿನ್ ಇರುವ ದೋಣಿಗೆ ನೋಂದಣಿ ಸಂಖ್ಯೆ ಇದ್ದರೆ ಅದಕ್ಕೆ ಬೇರೆಯೇ ಜಾಗ ಬಿಡಿ, ಹೆಸರಿನ ಸಾಲಿಗೆ ಸೇರಿಸಬೇಡಿ.

ಚೀಟಿಯಲ್ಲಿರುವ ಕಾಗುಣಿತವನ್ನು ಯಜಮಾನರ ಎದುರಿಗೇ ಗಟ್ಟಿಯಾಗಿ ಓದಿ ಒಪ್ಪಿಗೆ ಪಡೆಯಿರಿ. 'ಮೌನೇಶ್ವರ'ವನ್ನು 'ಮೋನೇಶ್ವರ' ಅಂತಲೇ ಬರೆಯಬೇಕೆಂದು ಹಟ ಹಿಡಿಯುವ ಮನೆಗಳಿವೆ. ದೋಣಿ ಅವರದು, ಹೆಸರೂ ಅವರದು.

ಹಳೆಯ ಹೆಸರು ಇದ್ದರೆ

ಕೆರೆಯುವ ಮೊದಲು ಅಚ್ಚು ತೆಗೆದುಕೊಳ್ಳಿ. ತೆಳು ಕಾಗದವನ್ನು ಹೆಸರಿನ ಮೇಲೆ ಅಂಟುಪಟ್ಟಿಯಿಂದ ಬಿಗಿದು, ಇದ್ದಿಲ ಚೂರನ್ನು ಅಡ್ಡ ಹಿಡಿದು ತಿಕ್ಕಿದರೆ ಪದರ ಪದರವಾಗಿ ಎದ್ದ ಬಣ್ಣದ ಅಂಚು ಕಾಗದದ ಮೇಲೆ ಮೂಡುತ್ತದೆ. ಫೋಟೊ ತೆಗೆಯುವುದಾದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ, ಇಲ್ಲವಾದರೆ ಅಕ್ಷರ ಎಷ್ಟು ದೊಡ್ಡದಿತ್ತೆಂದು ಆಮೇಲೆ ತಿಳಿಯುವುದಿಲ್ಲ. ನಮ್ಮ ಭಾಗದ ಹಳೆಯ ಪೇಂಟರ್‌ಗಳ ಕೈ ಬೇರೆ ತರಹದ್ದು. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಉರ್ದು, ಕನ್ನಡ, ಮರಾಠಿ, ತೆಲುಗು ನಾಲ್ಕೂ ಓಡಾಡಿದ ನೆಲ. ಒಂದೇ ಬ್ರಶ್ಶಿನಲ್ಲಿ ಎರಡು ಮೂರು ಲಿಪಿ ಬರೆಯುವವರು ಇವತ್ತಿಗೂ ಕಲಬುರಗಿಯಲ್ಲಿ ಸಿಗುತ್ತಾರೆ. ಅವರ ಕನ್ನಡದ ತಲೆಕಟ್ಟಿನ ತುದಿ ಓರೆಯಾಗಿ ಕತ್ತರಿಸಿದ ಹಾಗಿರುತ್ತದೆ, ಅದರಲ್ಲಿ ನನಗೆ ಉರ್ದು ಕಲಮಿನ ಛಾಯೆ ಕಾಣುತ್ತದೆ. ಕಂಪ್ಯೂಟರಿನ ಅಕ್ಷರದಲ್ಲಿ ಇದು ಸಿಗುವುದಿಲ್ಲ. ಹಳೆಯ ದೋಣಿಯ ಮೇಲೆ ಅಂಥ ಕೈ ಉಳಿದಿದ್ದರೆ ಅದನ್ನೇ ನಕ್ಷೆ ಮಾಡಿಕೊಳ್ಳಿ, ನಿಮ್ಮದು ಆಮೇಲೆ.

ಹಳೆ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ. ಹಿಂದಿನ ಕಾಲದ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಅದರ ಧೂಳು ಮೂಗಿಗೆ ಹೋಗುವುದು ಕೆಟ್ಟದ್ದು. ನೀರು ಹಚ್ಚಿ ಉಜ್ಜುವ ಕಾಗದ ತಂದು ಒದ್ದೆಯಲ್ಲೇ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೆಳಗೆ ತಾಡಪಾಲು ಹಾಸಿ ಕೆಸರನ್ನು ಒಟ್ಟುಮಾಡಿ. ಅದೇ ಹೊಳೆಯ ನೀರನ್ನು ಊರು ಕುಡಿಯುತ್ತದೆ.

ಮೈ ತಯಾರಿ

ದೋಣಿ ಯಾವುದರದ್ದು ಎಂಬುದರ ಮೇಲೆ ತಯಾರಿ ಬದಲಾಗುತ್ತದೆ.

ಮರದ ದೋಣಿಯಾದರೆ ತಳಕ್ಕೆ ಡಾಂಬರು ಬಳಿದಿರುತ್ತಾರೆ, ಅದು ಪಕ್ಕೆಯ ಮೇಲೂ ಹತ್ತಿರುತ್ತದೆ. ಡಾಂಬರಿನ ಮೇಲೆ ಎನಾಮೆಲ್ ಬಳಿದರೆ ಕೆಲವೇ ದಿನಗಳಲ್ಲಿ ಕಂದು ಕಲೆ ಮೇಲೆದ್ದು ಬರುತ್ತದೆ, ಬಣ್ಣ ಬಿರಿಯುತ್ತದೆ. ಹೆಸರು ಬರುವ ಪಟ್ಟಿಯಲ್ಲಿ ಡಾಂಬರು ಇರಲೇಬಾರದು. ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ಮತ್ತೆ ಉಜ್ಜಿ, ಆಮೇಲೆ ಮರದ ಪ್ರೈಮರ್. ಹಲಗೆಗಳ ಸಂದಿಯಲ್ಲಿ ಪುಟ್ಟಿ ತುಂಬಿ ಸಮ ಮಾಡಿ.

ಕಬ್ಬಿಣದ ತಗಡಿನ ದೋಣಿಗೆ ತುಕ್ಕು ಬಿಡಿಸಿ ರೆಡ್ ಆಕ್ಸೈಡ್ ಪ್ರೈಮರ್. ಸತುವಿನ ಲೇಪ ಇರುವ ಹೊಸ ಜಿಐ ತಗಡಾದರೆ ಎಚ್ಚರ ಇರಲಿ. ಅದರ ಮೇಲೆ ನೇರವಾಗಿ ಎನಾಮೆಲ್ ಹಚ್ಚಿದರೆ ಸತುವು ಬಣ್ಣದ ಎಣ್ಣೆಯ ಜತೆ ಸೇರಿ ಹಿಡಿತ ತಪ್ಪಿಸುತ್ತದೆ, ಹೆಸರು ಹಾಳೆಹಾಳೆಯಾಗಿ ಎದ್ದು ಬರುತ್ತದೆ. ಅದಕ್ಕೆಂದೇ ಎಚ್ (ಇಂಗ್ಲಿಷಿನ etch) ಪ್ರೈಮರ್ ಸಿಗುತ್ತದೆ, ಅಂಗಡಿಯಲ್ಲಿ 'ಜಿಐ ತಗಡಿಗೆ' ಎಂದೇ ಹೇಳಿ ಕೇಳಿ.

ಫೈಬರ್ ದೋಣಿಯ ಮೈಗೆ ಅಚ್ಚಿನಿಂದ ಬಿಡಿಸುವಾಗಿನ ಮೇಣ ಉಳಿದಿರುತ್ತದೆ. ಮೊದಲು ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿ, ಆಮೇಲೆ 220 ನಂಬರಿನ ಉಜ್ಜುವ ಕಾಗದ, ಕೊನೆಗೆ 320. ಈ ಕ್ರಮ ತಿರುವುಮುರುವಾದರೆ ಮೇಣವನ್ನು ನೀವೇ ಗೀರುಗಳೊಳಗೆ ತಿಕ್ಕಿದಂತಾಗುತ್ತದೆ.

ಹರಿಗೋಲಿನ ಮೈ ಮೇಲೆ ಬರೆಯುವುದು ವ್ಯರ್ಥ. ಸಣ್ಣ ತಗಡಿನ ಮೇಲೆ ಬರೆದು ಒಳಗಡೆ ಕಟ್ಟಿಕೊಡಿ.

ಪ್ರೈಮರ್ ಒಣಗಿದ ಮೇಲೆ ನೆಲಬಣ್ಣ, ಅಂದರೆ ಅಕ್ಷರದ ಹಿಂದಿನ ಬಣ್ಣ, ಎರಡು ಕೋಟು, ನಡುವೆ ಒಂದು ರಾತ್ರಿ ಬಿಡಿ. ಹೊಳೆಯುವ ನೆಲಬಣ್ಣದ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ, ಬ್ರಶ್ಶೂ ಜಾರುತ್ತದೆ. 400 ನಂಬರಿನ ಕಾಗದವನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಕೈಯಾಡಿಸಿ ಹೊಳಪು ಮುರಿಯಿರಿ.

ನೀರಿನ ಗೆರೆ ಕೇಳಿ ತಿಳಿಯಿರಿ

ಬೇಸಿಗೆಯಲ್ಲಿ ದೋಣಿ ದಂಡೆಯ ಮೇಲೆ ಒಣಗಿ ನಿಂತಿರುತ್ತದೆ, ಪಕ್ಕೆಯೆಲ್ಲ ಖಾಲಿ ಗೋಡೆಯ ಹಾಗೆ ಕಾಣುತ್ತದೆ. ಅದನ್ನು ನಂಬಬೇಡಿ. ದೋಣಿ ನಡೆಸುವವರನ್ನೇ ಕರೆದು ಕೇಳಿ: "ಕಾಕಾ, ಮಂದಿ ತುಂಬಿದಾಗ ನೀರು ಎಲ್ಲಿತನಕ ಬರ್ತದ?" ಅವರು ಬೆರಳಿನಿಂದ ಗೆರೆ ಎಳೆದು ತೋರಿಸುತ್ತಾರೆ. ಆ ಗೆರೆಯಿಂದ ಕನಿಷ್ಠ 4 ಇಂಚು ಮೇಲೆ ನಿಮ್ಮ ಒತ್ತಕ್ಷರದ ತಳ ಇರಬೇಕು. ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಬಲೆ ಎಳೆಯುವುದು ಯಾವ ಕಡೆ, ಹುಟ್ಟು ತಿಕ್ಕುವುದು ಎಲ್ಲಿ, ಹಗ್ಗ ಉಜ್ಜುವುದು ಎಲ್ಲಿ. "ಈ ಕಡಿ ಬರಿಬ್ಯಾಡ್ರಿ, ಬಲಿ ಎಳದು ಎಳದು ಎಲ್ಲಾ ಕಿತ್ತು ಹೋಗ್ತದ" ಅನ್ನುವ ಉತ್ತರ ಬಂದರೆ ಹೆಸರನ್ನು ಮೂತಿಯ ಕಡೆಗೆ ಸರಿಸಿ.

ಎರಡು ಪಕ್ಕೆಗೂ ಬರೆಯಬೇಕು. ಕನ್ನಡ ಎಡದಿಂದ ಬಲಕ್ಕೇ ಓಡುವುದರಿಂದ ಒಂದು ಪಕ್ಕೆಯಲ್ಲಿ ಹೆಸರು ಮೂತಿಯಿಂದ ಶುರುವಾಗುತ್ತದೆ, ಇನ್ನೊಂದರಲ್ಲಿ ಮೂತಿಗೆ ಬಂದು ಮುಗಿಯುತ್ತದೆ. ಈ ಕಾರಣಕ್ಕೆ ವಾಲಿದ ಅಕ್ಷರ ನನಗೆ ದೋಣಿಗೆ ಒಪ್ಪುವುದಿಲ್ಲ. ಬಲಕ್ಕೆ ವಾಲಿಸಿದರೆ ಒಂದು ಕಡೆ ದೋಣಿ ಓಡುವ ದಿಕ್ಕಿಗೆ ವಾಲಿರುತ್ತದೆ, ಇನ್ನೊಂದು ಕಡೆ ಹಿಂದಕ್ಕೆ ಎಳೆದಂತೆ ಕಾಣುತ್ತದೆ. ನೆಟ್ಟಗಿರಲಿ. ಉರ್ದುವಿನಲ್ಲೂ ಹೆಸರು ಬೇಕೆಂದರೆ ಅದನ್ನು ಬಲತುದಿಯಿಂದ ಹಿಡಿದುಕೊಂಡು ಬನ್ನಿ. ಲಿಪಿ ಓದಲು ಬಾರದಿದ್ದರೆ ಬಲ್ಲವರಿಂದ ಅದೇ ಅಳತೆಯ ಕಾಗದದ ಮೇಲೆ ಬರೆಸಿಕೊಳ್ಳಿ. ಅಲ್ಲಿ ಒಂದು ಚುಕ್ಕೆ ಮೇಲಿಂದ ಕೆಳಗೆ ಹೋದರೆ ಅಕ್ಷರವೇ ಬೇರೆ.

ಅಳತೆ

ಇಲ್ಲಿ ಅವಸರ ಬೇಡ. 'ಶ್ರೀ ಗಂಗಾಪರಮೇಶ್ವರಿ'ಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಈ ಹೆಸರು ಹೊಳೆ ದಂಡೆಯಲ್ಲಿ ಎಲ್ಲೆಲ್ಲೂ ಇದೆ, ಕಷ್ಟಗಳೆಲ್ಲ ಇದರಲ್ಲೇ ಇವೆ.

ಅಕ್ಷರದ ಎತ್ತರವನ್ನು, ಅಂದರೆ ತಲೆಕಟ್ಟಿನ ಮೇಲಿನಿಂದ ಮೈಯ ತಳದವರೆಗಿನ ಅಳತೆಯನ್ನು 1 ಪಾಲು ಎನ್ನಿ. ಅಗಲಗಳನ್ನು ಅದೇ ಪಾಲಿನಲ್ಲಿ ಲೆಕ್ಕ ಹಾಕಿ. ನನ್ನ ಕೈಗೆ ಬರುವ ಲೆಕ್ಕ ಹೀಗಿದೆ: ಶ್ರೀ, ದೀರ್ಘ ಸೇರಿ 2 ಪಾಲು. ಆಮೇಲೆ ಖಾಲಿ ಜಾಗ 1. ಗ 1, ಸೊನ್ನೆ ಮುಕ್ಕಾಲು, ಗಾ ಒಂದೂಕಾಲು, ಪ 1, ರ 1, ಮೇ 2, ಶ್ವ ಒಂದೂಕಾಲು, ರಿ 1. ಕೂಡಿದರೆ ಹನ್ನೆರಡೂಕಾಲು. ಗಂಗಾಪರಮೇಶ್ವರಿಯ ಒಳಗೆ ಅಕ್ಷರ ಅಕ್ಷರದ ನಡುವೆ 7 ಸಂದಿಗಳಿವೆ, ಒಂದೊಂದಕ್ಕೆ ಕಾಲು ಪಾಲಿನಂತೆ ಒಂದೂಮುಕ್ಕಾಲು. ಒಟ್ಟು 14 ಪಾಲು. ಪಕ್ಕೆಯಲ್ಲಿ ನಿಮಗೆ ಸಿಕ್ಕ ಉದ್ದ 6 ಅಡಿ, ಅಂದರೆ 72 ಇಂಚು. 14ರಿಂದ ಭಾಗಿಸಿದರೆ 5 ಇಂಚಿಗಿಂತ ಸ್ವಲ್ಪ ಹೆಚ್ಚು. ಹಾಗಾಗಿ 5 ಇಂಚಿನ ಅಕ್ಷರ, 70 ಇಂಚಿನ ಸಾಲು, ಎರಡೂ ತುದಿಗೆ ಒಂದೊಂದು ಇಂಚು.

ಈಗ ಎತ್ತರದ ಲೆಕ್ಕ. ಒತ್ತಕ್ಷರಕ್ಕೆ ಮೈಯ ಅರ್ಧ ಬೇಕು, ಎರಡೂವರೆ ಇಂಚು. ಶ್ರೀಯ ಮತ್ತು ರಿಯ ಗುಡಿಸು ತಲೆಕಟ್ಟಿನ ಗೆರೆಗಿಂತ ಮೇಲೇಳುತ್ತದೆ, ಅದಕ್ಕೆ 1 ಇಂಚು. 1, 5, ಎರಡೂವರೆ ಸೇರಿ ಎಂಟೂವರೆ. ಮೇಲೆ ಕೆಳಗೆ ತಲಾ ಒಂದೂವರೆ ಇಂಚು ಖಾಲಿ ಬಿಟ್ಟರೆ ಹನ್ನೊಂದೂವರೆ ಇಂಚಿನ ಪಟ್ಟಿ. ದೋಣಿಯ ಮೇಲಂಚಿನಿಂದ ನೀರಿನ ಗೆರೆಯವರೆಗೆ, ಆ 4 ಇಂಚು ಕಳೆದು, ಇಷ್ಟು ಸಿಗುತ್ತದೆಯೋ ನೋಡಿ. ಸಿಗದಿದ್ದರೆ ಅಕ್ಷರ ಸಣ್ಣದು ಮಾಡಿ. ಒತ್ತನ್ನು ಮಾತ್ರ ಕುಗ್ಗಿಸಲು ಹೋಗಬೇಡಿ. ಐದಿಂಚಿನ ಮೈಗೆ ಒಂದಿಂಚಿನ ಒತ್ತು ನೇತುಹಾಕಿದ ಹೆಸರುಗಳನ್ನು ಎಷ್ಟೋ ಟ್ರಾಲಿಗಳ ಮೇಲೆ ನೋಡಿದ್ದೇನೆ, ದೂರಕ್ಕೆ 'ಪರಮೇಶರಿ' ಅಂತಲೇ ಓದಿಸುತ್ತವೆ.

ಒತ್ತುಗಳಲ್ಲೂ ಜಾತಿ ಇವೆ. ಶ್ವದ ಒತ್ತು ಕೆಳಗೆ ಬಲಕ್ಕೆ ಸರಿದು ನಿಲ್ಲುತ್ತದೆ. ಮುಂದಿನ ರಿಗೆ ಕೆಳಗೆ ಏನೂ ಇಲ್ಲದ್ದರಿಂದ ಅದು ಅದರಡಿಗೆ ಸ್ವಲ್ಪ ನುಸುಳಬಹುದು, ಇದರಿಂದ ಶ್ವ ಮತ್ತು ರಿ ನಡುವೆ ಕಂಡಿ ಬೀಳುವುದಿಲ್ಲ. ಬೆನ್ನಿಗೆ ಬೆನ್ನು ಎರಡು ಒತ್ತು ಬಂದರೆ ಆ ಅನುಕೂಲ ಇರುವುದಿಲ್ಲ, ಸಂದಿಯನ್ನು ಅರ್ಧ ಪಾಲಿಗೆ ಏರಿಸಿ. 'ಲಕ್ಷ್ಮೀ' ಬಂದರೆ 'ಕ'ದ ಕೆಳಗೆ 'ಷ', ಅದರ ಜತೆಗೆ 'ಮ'. ಅದಕ್ಕೆ ಮೈಯ ಮುಕ್ಕಾಲು ಭಾಗದಷ್ಟು ಕೆಳಜಾಗ ಇಟ್ಟುಕೊಳ್ಳಿ. 'ದುರ್ಗಾ' ಬಂದರೆ ನಿಮ್ಮ ಕೈಯಲ್ಲಿ ಎರಡು ದಾರಿಗಳಿವೆ. ಅರ್ಕಾವತ್ತು ಹಾಕಿದರೆ ಕೆಳಗೆ ಏನೂ ಇಳಿಯುವುದಿಲ್ಲ, ಆದರೆ ಸಾಲು ಅರ್ಧ ಪಾಲು ಉದ್ದವಾಗುತ್ತದೆ. ಹಳೆಯ ರೀತಿಯಲ್ಲಿ 'ರ'ದ ಕೆಳಗೆ 'ಗ'ದ ಒತ್ತು ಕೊಟ್ಟರೆ ಕೆಳಗೆ ಇಳಿಯುತ್ತದೆ. ನೀರು ಹತ್ತಿರ ಇದ್ದರೆ ಅರ್ಕಾವತ್ತೇ ವಾಸಿ.

ಗೆರೆಯ ದಪ್ಪ ಅಕ್ಷರದ ಎತ್ತರದ ಏಳನೇ ಒಂದು ಭಾಗ. ಐದಿಂಚಿಗೆ ಮುಕ್ಕಾಲು ಇಂಚಿನ ಹತ್ತಿರ. ಇನ್ನೂ ದಪ್ಪ ಮಾಡಿದರೆ 'ಮ', 'ಷ', 'ಹ'ದ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ದಪ್ಪ ತೆಳು ಆಟ ಅಂಗಡಿ ಬೋರ್ಡಿಗೆ ಚೆಂದ. ದೋಣಿಗೆ ಒಂದೇ ದಪ್ಪ ಇರಲಿ, ತೆಳು ಭಾಗವೇ ಮೊದಲು ಸವೆಯುವುದು.

ಸೊನ್ನೆಯನ್ನು ಬಹಳ ಜನ ಬಟಾಣಿ ಮಾಡಿ ಇಡುತ್ತಾರೆ. ಮೈಯ ಮೂರರಲ್ಲಿ ಎರಡು ಪಾಲಿನಷ್ಟಾದರೂ ಎತ್ತರ ಇರಬೇಕು, ತಳ ಅದೇ ಗೆರೆಯ ಮೇಲೆ ಕೂರಬೇಕು.

ಎಷ್ಟು ದೂರಕ್ಕೆ ಓದಬೇಕು ಎಂಬುದೂ ಒಂದು ಲೆಕ್ಕ. ಇಂಗ್ಲಿಷಿನ ದೊಡ್ಡ ಅಕ್ಷರಕ್ಕೆ 10 ಅಡಿಗೆ 1 ಇಂಚು ಎಂಬುದು ಬೋರ್ಡ್ ಬರೆಯುವವರ ರೂಢಿ. ಕನ್ನಡದಲ್ಲಿ ಗುರುತುಗಳು ಸಣ್ಣವು, ಸುಳಿ ಹೆಚ್ಚು, ಅದಕ್ಕೆ ಒಂದೂವರೆ ಪಟ್ಟು ಹಿಡಿಯುವುದು ನನ್ನ ಪದ್ಧತಿ. ಜತೆಗೆ ದಂಡೆಯಲ್ಲಿ ನಿಂತವರು ದೋಣಿಯನ್ನು ಮೇಲಿನಿಂದ ನೋಡುತ್ತಾರೆ, ಪಕ್ಕೆ ಹೊರಕ್ಕೆ ಚಾಚಿಕೊಂಡಿರುತ್ತದೆ, ಅಕ್ಷರ ಕುಗ್ಗಿದಂತೆ ಕಾಣುತ್ತದೆ. ಅಳತೆ ಹಾಕಿದ ಮೇಲೆ ಒಮ್ಮೆ ಮಂದಿ ನಿಲ್ಲುವ ಜಾಗಕ್ಕೆ ಹತ್ತಿ ನೋಡಿ ಬನ್ನಿ.

ಗೆರೆ ಮತ್ತು ನಕ್ಷೆ

ದಂಡೆಯ ಮೇಲಿನ ದೋಣಿ ಒಂದು ಕಡೆ ವಾಲಿಕೊಂಡಿರುತ್ತದೆ. ಕೆಳಗೆ ಕಲ್ಲು, ಉಸುಕಿನ ಚೀಲ ಕೊಟ್ಟು ನೀರಿನಲ್ಲಿ ನಿಲ್ಲುವ ಹಾಗೆ ಸಮ ಮಾಡಿ. ಇಲ್ಲದಿದ್ದರೆ ತೂಗುಗುಂಡು ಸುಳ್ಳು ಹೇಳುತ್ತದೆ.

ಸಪಾಟು ತಗಡಿಗೆ ಸುಣ್ಣ ಹಚ್ಚಿದ ದಾರ ಹೊಡೆದರೆ ಗೆರೆ ಬೀಳುತ್ತದೆ. ಬಾಗಿದ ಪಕ್ಕೆಗೆ ದಾರ ನಡೆಯುವುದಿಲ್ಲ, ನೇರ ಗೆರೆ ಹೊಡೆದರೆ ಮೂತಿಯ ಕಡೆ ಹೆಸರು ಕೆಳಗೆ ಬಿದ್ದಂತೆ ಕಾಣುತ್ತದೆ. ಮೇಲಂಚಿನಿಂದ ಅಡಿಗೊಂದರಂತೆ ಒಂದೇ ಅಳತೆ ಇಳಿಸಿ ಚುಕ್ಕೆ ಇಡಿ. ಸೀಳಿದ ಬಿದಿರಿನ ತೆಳು ಪಟ್ಟಿಯನ್ನೋ ವೈರಿಂಗಿನ ಪ್ಲಾಸ್ಟಿಕ್ ಪಟ್ಟಿಯನ್ನೋ ಆ ಚುಕ್ಕೆಗಳ ಮೇಲೆ ಬಾಗಿಸಿ ಹಿಡಿದು ಸೀಮೆಸುಣ್ಣ ಎಳೆಯಿರಿ. ಹೀಗೆ ನಾಲ್ಕು ಗೆರೆ: ಗುಡಿಸಿನ ತುದಿ, ತಲೆಕಟ್ಟು, ಮೈಯ ತಳ, ಒತ್ತಿನ ತಳ. ಗೆರೆ ದೋಣಿಯ ಅಂಚಿನ ಜತೆ ಬಾಗಲಿ, ಅಕ್ಷರ ಮಾತ್ರ ತೂಗುಗುಂಡಿಗೆ ನೆಟ್ಟಗಿರಲಿ.

ಮೊದಲ ಸಲ ಬರೆಯುವವರು ನೇರವಾಗಿ ದೋಣಿಯ ಮೇಲೆ ಅಕ್ಷರ ಬಿಡಿಸಬೇಡಿ. ಕಂದು ಕಾಗದದ ಮೇಲೆ ಪೂರ್ತಿ ಅಳತೆಯಲ್ಲಿ ಹೆಸರು ಬರೆದು, ಅಂಚಿನುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಹಾಕಿ. ಕಾಗದವನ್ನು ಪಕ್ಕೆಗೆ ಅಂಟಿಸಿ, ತೆಳು ಬಟ್ಟೆಯಲ್ಲಿ ಕಟ್ಟಿದ ಪುಡಿಯ ಗಂಟನ್ನು ತಟ್ಟುತ್ತ ಹೋದರೆ ಚುಕ್ಕೆಗಳಲ್ಲಿ ಹೆಸರು ಮೂಡುತ್ತದೆ. ಗಾಢ ನೆಲಕ್ಕೆ ಸೀಮೆಸುಣ್ಣದ ಪುಡಿ, ತಿಳಿ ನೆಲಕ್ಕೆ ಇದ್ದಿಲ ಪುಡಿ. ಒಂದೇ ಕಾಗದ ಎರಡೂ ಪಕ್ಕೆಗೆ ಆಗುತ್ತದೆ, ಮುಂದಿನ ಸಲ ಬಣ್ಣ ಹೊಡೆಯುವಾಗಲೂ ಆಗುತ್ತದೆ. ಸುರುಳಿ ಸುತ್ತಿ ಇಟ್ಟುಕೊಳ್ಳಿ.

ಕೈ ಅಭ್ಯಾಸಕ್ಕೆ ನಮ್ಮಲ್ಲಿ ಒಂದು ಪುಕ್ಕಟೆ ಪಾಟಿ ಇದೆ, ಮನೆಯ ಅಂಗಳದ ಶಹಾಬಾದ್ ಫರಸಿ. ಬ್ರಶ್ಶನ್ನು ನೀರಿನಲ್ಲಿ ಅದ್ದಿ ಅದರ ಮೇಲೆ ಬರೆಯಿರಿ. ಅಕ್ಷರ ಕಪ್ಪಗೆ ಮೂಡುತ್ತದೆ, ಬಿಸಿಲಿಗೆ ಆರಿ ಹೋಗುತ್ತದೆ, ಮತ್ತೆ ಬರೆಯಬಹುದು.

ಬಣ್ಣ, ಬ್ರಶ್, ಹೊತ್ತು

ಈ ಅಳತೆಯ ಹೆಸರಿಗೆ ಎರಡೂ ಪಕ್ಕೆ, ಎರಡು ಕೋಟು ಸೇರಿ 100 ಮಿಲಿಲೀಟರ್ ಎನಾಮೆಲ್ ಧಾರಾಳ. ಅರ್ಧ ಲೀಟರ್ ಡಬ್ಬಿ ತರಬೇಡಿ. ಡಬ್ಬಿಯ ಮೇಲೆ ಸೀಸದ ಪ್ರಮಾಣ ಓದಿ. 2016ರ ನಿಯಮದಂತೆ ಮನೆಬಳಕೆಯ ಮತ್ತು ಅಲಂಕಾರದ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು ಮೀರಬಾರದು. ಹೆಸರಿಲ್ಲದ ಅಗ್ಗದ ಹಳದಿಯನ್ನು ಹೊಳೆಗೆ ಇಳಿಯುವ ವಸ್ತುವಿಗೆ ಬಳಿಯಬೇಡಿ.

ನೀಲಿ ನೆಲಕ್ಕೆ ಬಿಳಿ, ಕಪ್ಪು ಅಥವಾ ಗಾಢ ಹಸಿರು ನೆಲಕ್ಕೆ ಹಳದಿ. ಬೀದರಿನ ಮಹಮೂದ್ ಗವಾನ್ ಮದರಸಾದ (1472) ಹೆಂಚಿನ ಬರಹದ ಪಟ್ಟಿಯನ್ನು ಕೆಳಗೆ ನಿಂತು ನೋಡಿದವರಿಗೆ ನೀಲಿಯ ಮೇಲೆ ಬಿಳಿ ಎಷ್ಟು ದೂರ ಓಡುತ್ತದೆಂದು ಬೇರೆ ಹೇಳಬೇಕಿಲ್ಲ. ಕೆಂಪು ನೆಲದ ಮೇಲೆ ಹಸಿರು ಅಥವಾ ನೀಲಿ ಅಕ್ಷರ ಕೇಳಿದರೆ ಬೇಡವೆಂದು ಹೇಳಿ, ಸಂಜೆಯ ಬೆಳಕಿಗೆ ಎರಡೂ ಒಂದೇ ಆಗುತ್ತವೆ.

ಬ್ರಶ್ ಮೂರು ಸಾಕು: ಹೊಟ್ಟೆ ತುಂಬಲು ಅರ್ಧ ಇಂಚಿನ ಚಪ್ಪಟೆ, ತಿರುವುಗಳಿಗೆ 6 ನಂಬರಿನ ದುಂಡು, ಸೀಳು ಮತ್ತು ಅಂಚಿಗೆ 2 ನಂಬರು. ಕಲಬುರಗಿಯಲ್ಲಾದರೆ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತಮುತ್ತ ಹುಡುಕಿ, ಕೂದಲು ಉದ್ದ ಇರುವುದನ್ನೇ ಆರಿಸಿ. ಗಿಡ್ಡ ಕೂದಲಿನ ಬ್ರಶ್ ಬಣ್ಣ ಹಿಡಿದಿಡುವುದಿಲ್ಲ, ಅರ್ಧ ತಿರುವಿನಲ್ಲೇ ಒಣಗುತ್ತದೆ. ಎರಡೂವರೆ ಅಡಿಯ ಹಗುರ ಕೋಲಿನ ತುದಿಗೆ ಬಟ್ಟೆಯ ಉಂಡೆ ಕಟ್ಟಿಕೊಳ್ಳಿ. ಎಡಗೈಯಲ್ಲಿ ಅದನ್ನು ದೋಣಿಗೆ ಆನಿಸಿ, ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟರೆ ಕೈ ನಡುಗುವುದಿಲ್ಲ, ಹಸಿ ಬಣ್ಣಕ್ಕೆ ತಾಗುವುದೂ ಇಲ್ಲ.

ಬಣ್ಣಕ್ಕೆ ಟರ್ಪೆಂಟೈನ್ ಹನಿಹನಿಯಾಗಿ ಬೆರೆಸಿ. ಮಜ್ಜಿಗೆಗಿಂತ ಗಟ್ಟಿ, ಅಂಬಲಿಗಿಂತ ತೆಳು ಇರಬೇಕು. ಡಬ್ಬಿಯಲ್ಲಿ ನೇರ ಅದ್ದದೆ, ಒಂದು ಹೆಂಚಿನ ತುಂಡಿನ ಮೇಲೆ ಬಣ್ಣ ಸುರಿದುಕೊಂಡು ಬ್ರಶ್ಶನ್ನು ಎರಡೂ ಮಗ್ಗುಲಿಗೆ ಎಳೆದು ಮೊನೆ ಮಾಡಿಕೊಂಡು ಬರೆಯಿರಿ.

ಹೊತ್ತಿನ ಮಾತು ನಮ್ಮ ಕಡೆ ದೊಡ್ಡದು. ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿಗೆ ಬಿಡುವಿರುವುದಿಲ್ಲ. ದೋಣಿ ದಂಡೆಗೆ ಬರುವುದು ನೀರು ಇಳಿದ ಬೇಸಿಗೆಯಲ್ಲಿ, ಆಗ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಕಾದ ತಗಡಿನ ಮೇಲೆ ಬಣ್ಣ ಎಳೆಯುವಷ್ಟರಲ್ಲಿ ಗಟ್ಟಿಯಾಗಿ ಬ್ರಶ್ಶಿನ ಗೆರೆ ಉಳಿಯುತ್ತದೆ. ಅಂಗೈ ಇಟ್ಟು ನೋಡಿ, ಇಟ್ಟುಕೊಳ್ಳಲು ಆಗದಿದ್ದರೆ ಬರೆಯಬೇಡಿ. ಬೆಳಿಗ್ಗೆ ಪಶ್ಚಿಮಕ್ಕೆ ಮುಖ ಮಾಡಿದ ಪಕ್ಕೆ ನೆರಳಿನಲ್ಲಿರುತ್ತದೆ, ಅದನ್ನು ಮುಗಿಸಿ. ಪೂರ್ವದ ಪಕ್ಕೆ ಮಧ್ಯಾಹ್ನದ ಮೇಲೆ, ತಣಿದಾಗ. ಗಾಳಿ ಎದ್ದರೆ ಎರೆಭೂಮಿಯ ಧೂಳೆಲ್ಲ ಹಸಿ ಬಣ್ಣಕ್ಕೇ ಬರುತ್ತದೆ, ಆ ದಿನ ನಿಲ್ಲಿಸಿ. ಚಳಿಗಾಲದಲ್ಲಾದರೆ ಹೊತ್ತು ಮುಳುಗುವ ಎರಡು ಮೂರು ತಾಸು ಮೊದಲೇ ಕೈ ಬಿಡಿ, ಇಬ್ಬನಿ ಬಿದ್ದರೆ ಹೊಳಪು ಸತ್ತು ಹೋಗುತ್ತದೆ.

ಬರೆಯುವ ಕ್ರಮ

ಎಲ್ಲ ಅಕ್ಷರಗಳ ತಲೆಕಟ್ಟನ್ನು ಮೊದಲು ಬರೆಯಿರಿ, ಎಡದಿಂದ ಬಲಕ್ಕೆ. ಸಾಲು ನೆಟ್ಟಗಿದೆಯೋ ಇಲ್ಲವೋ ಆಗಲೇ ಗೊತ್ತಾಗುತ್ತದೆ, ಒರೆಸಿ ಸರಿಮಾಡಲು ಅವಕಾಶ ಇರುತ್ತದೆ. ಆಮೇಲೆ ಮೈ, ಕೊನೆಗೆ ಒತ್ತು. ದುಂಡನೆಯ ಮೈಯನ್ನು ಒಂದೇ ಎಳೆತಕ್ಕೆ ಸುತ್ತಿಸಬೇಡಿ. ಎಡಭಾಗವನ್ನು ಮೇಲಿನಿಂದ ಕೆಳಕ್ಕೆ, ಬಲಭಾಗವನ್ನೂ ಮೇಲಿನಿಂದ ಕೆಳಕ್ಕೆ ಎಳೆದು ತಳದಲ್ಲಿ ಕೂಡಿಸಿ. ಕೈ ಕೆಳಗಿಳಿಯುವಾಗ ಸ್ಥಿರ, ಮೇಲೇರುವಾಗ ನಡುಗುತ್ತದೆ. ಎಳೆಯುವಾಗ ಕಣ್ಣು ಬ್ರಶ್ಶಿನ ಮೇಲೆ ಬೇಡ, ತಲುಪಬೇಕಾದ ಜಾಗದ ಮೇಲೆ ಇರಲಿ.

ಮಹಾಪ್ರಾಣದ ಸೀಳನ್ನು ನೆಲಬಣ್ಣದಲ್ಲಿ ಬಿಟ್ಟುಕೊಂಡೇ ಬರೆಯಿರಿ. ಬಣ್ಣ ಇಳಿದು ಅದು ಮುಚ್ಚಿಕೊಂಡರೆ ಭೀಮಾ ಹೋಗಿ ಬೀಮಾ ಆಗುತ್ತದೆ, ದೋಣಿಗೆ ಇನ್ಶೂರೆನ್ಸ್ ಇಲ್ಲದಿದ್ದರೂ. ಥದ ಮತ್ತು ಠದ ಚುಕ್ಕೆಯನ್ನು ಎಲ್ಲ ಒಣಗಿದ ಮೇಲೆ ಇಡಿ. ತಪ್ಪಿದ ಜಾಗವನ್ನು ಹಸಿಯಲ್ಲೇ ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಉಜ್ಜಬೇಡಿ.

ಮೊದಲ ಕೋಟು ಒಂದು ರಾತ್ರಿ ಒಣಗಲಿ. ಹಳದಿ ಮೈ ಮುಚ್ಚುವುದು ಎರಡನೇ ಕೋಟಿಗೇ.

ನೆರಳು ಕೊಡುವುದಾದರೆ ಎಡಗಡೆ ಕೆಳಗೆ ಕೊಡಿ. ಬಲಗಡೆ ಕೆಳಗೆ ಒತ್ತುಗಳು ತುಂಬಿರುತ್ತವೆ, ಅಲ್ಲಿ ನೆರಳೂ ಸೇರಿದರೆ ಒತ್ತು ಯಾವುದು ನೆರಳು ಯಾವುದು ತಿಳಿಯುವುದಿಲ್ಲ. ಅಗಲ ಕಾಲು ಇಂಚು, ಅಕ್ಷರಕ್ಕೂ ನೆರಳಿಗೂ ನಡುವೆ ನೆಲಬಣ್ಣದ ಸಣ್ಣ ಎಳೆ ಬಿಡಿ. ಸುತ್ತಲೂ ಅಂಚಿನ ಗೆರೆ, ಅದರ ಹೊರಗೆ ನೆರಳು, ಅದರಾಚೆ ಹೂಬಳ್ಳಿ ಎಂದು ಏರಿಸುತ್ತ ಹೋಗುವುದು ಲಾರಿಗೆ ಸೈ, ನೀರಿಗಿಳಿಯುವ ಪಕ್ಕೆಗೆ ಅಷ್ಟು ಬೇಡ.

ಆದ ಮೇಲೆ

ಒಂದು ವಾರ ದೋಣಿ ನೀರಿಗೆ ಹೋಗದಿದ್ದರೆ ಒಳ್ಳೆಯದು. ಕೈಗೆ ಅಂಟುವುದು ನಿಂತಿತೆಂದರೆ ಒಳಗಡೆ ಗಟ್ಟಿಯಾಗಿದೆ ಎಂದಲ್ಲ. ಜಾತ್ರೆಗೋ ಮೀನಿನ ಹಂಗಾಮಿಗೋ ಅವಸರ ಇದ್ದರೆ ಹೆಸರು ಬರೆಯುವ ದಿನವನ್ನು ಇನ್ನೂ ಮೊದಲೇ ಇಟ್ಟುಕೊಳ್ಳಿ, ಒಣಗುವ ದಿನವನ್ನು ಕಡಿಮೆ ಮಾಡಬೇಡಿ. ಮೇಲೆ ವಾರ್ನಿಶ್ ಬಳಿಯಲು ಕೇಳುತ್ತಾರೆ, ಒಪ್ಪಬೇಡಿ. ಬಿಸಿಲಿಗೆ ಅದೇ ಮೊದಲು ಹಳದಿಗಟ್ಟಿ ಸಿಪ್ಪೆ ಏಳುತ್ತದೆ, ಏಳುವಾಗ ಅಕ್ಷರವನ್ನೂ ಕರೆದೊಯ್ಯುತ್ತದೆ.

ಬ್ರಶ್ ತೊಳೆದ ಟರ್ಪೆಂಟೈನನ್ನು ಹೊಳೆಗೆ ಚೆಲ್ಲಬೇಡಿ. ಬಾಟಲಿಯಲ್ಲಿ ಮುಚ್ಚಿಟ್ಟರೆ ಬಣ್ಣ ತಳಕ್ಕಿಳಿಯುತ್ತದೆ, ಮೇಲಿನದು ಮತ್ತೆ ತೊಳೆಯಲು ಆಗುತ್ತದೆ. ಎಣ್ಣೆ ಬಣ್ಣದ ಚಿಂದಿಗಳನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಬೇಡಿ, ತಾವಾಗಿಯೇ ಕಾಯ್ದು ಹೊತ್ತಿಕೊಳ್ಳುವುದುಂಟು. ಹರಡಿ ಒಣಗಿಸಿ. ತೊಳೆದ ಬ್ರಶ್ಶಿಗೆ ಇಂಜಿನ್ ಎಣ್ಣೆ ಸವರಿ, ಕೂದಲು ನೆಟ್ಟಗೆ ಮಾಡಿ ಮಲಗಿಸಿಡಿ. ಮುಂದಿನ ಸಲ ಬರೆಯುವ ಮೊದಲು ಆ ಎಣ್ಣೆಯನ್ನು ಪೂರ್ತಿ ತೊಳೆಯಿರಿ.

ನೀರಿಗಿಳಿಸುವ ದಿನ ಪೂಜೆ ಇರುತ್ತದೆ. ಅರಿಸಿನ, ಕುಂಕುಮವನ್ನು ಹೆಂಗಸರು ಹೆಸರಿನ ಮೇಲೆಯೇ ಹಚ್ಚಲು ಬರುತ್ತಾರೆ, ದೇವರ ಹೆಸರಲ್ಲವೇ. ಹೊಸ ಬಿಳಿ ಎನಾಮೆಲ್ ಕುಂಕುಮದ ಕೆಂಪನ್ನು ಹೀರಿಕೊಂಡರೆ ಒರೆಸಿದರೂ ಹೋಗುವುದಿಲ್ಲ. "ಯವ್ವಾ, ಮೂತಿಗೆ ಹಚ್ಚರಿ, ಗಂಗವ್ವ ಅಲ್ಲೇ ಮದಲ ಮುಟ್ಟತಾಳ" ಎಂದು ಮೊದಲೇ ಹೇಳಿಡಿ. ಉಳಿದ ಬಣ್ಣದಲ್ಲಿ ಒಂದಿಷ್ಟನ್ನು ಸಣ್ಣ ಬಾಟಲಿಗೆ ಹಾಕಿ ಯಜಮಾನರ ಕೈಗೆ ಕೊಟ್ಟು ಬನ್ನಿ, ಮೊದಲ ಗೀರು ಬೀಳುವುದು ಹೆಚ್ಚಾಗಿ ಆ ದಿನವೇ.